ಮೊಬೈಲ್ ಹೋಮ್ ಗ್ರೌಂಡ್ ಆಂಕರ್ 1150 ಪೌಂಡಿಗೇ ಎದ್ದು ಬರ್ತಿದೆ, 4725 ಬೇಕು, ಯಾರಾದ್ರೂ ದಾರಿ ತೋರಿಸಿ

ಲೇಕ್‌ಲ್ಯಾಂಡ್_ಕನ್ನಡಿಗ:
ಎಲ್ರಿಗೂ ನಮಸ್ಕಾರ. ಮೂರು ಶನಿವಾರ ಇದಕ್ಕೇ ಹೋಯ್ತು, ತಲೆ ಕೆಟ್ಟೋಗಿದೆ. ನಾವಿರೋದು ಫ್ಲೋರಿಡಾದ ಪೋಲ್ಕ್ ಕೌಂಟಿ, 1996ರ ಡಬಲ್ ವೈಡ್, ಅಂದ್ರೆ ಎರಡು ಭಾಗ ಪಕ್ಕಪಕ್ಕ ಸೇರಿಸಿರೋ ಮ್ಯಾನುಫ್ಯಾಕ್ಚರ್ಡ್ ಹೋಮ್. ಊರಲ್ಲಿರೋರಿಗೆ ಹೇಳ್ಬೇಕಂದ್ರೆ, ಮನೆ ಪೂರ್ತಿ ಫ್ಯಾಕ್ಟರಿಲೇ ಕಟ್ಟಿ, ಲಾರಿ ಚಾಸಿ ತರದ ಕಬ್ಬಿಣದ ಫ್ರೇಮ್ ಮೇಲೆ ಎಳ್ಕೊಂಡು ಬಂದು ಬ್ಲಾಕ್ ಮೇಲೆ ಕೂರಿಸ್ತಾರೆ, ನಮ್ಮ ಕಡೆ ಇರೋ ತರ ಪಾಯ ಇರಲ್ಲ, ಗಾಳಿಗೆ ಹಾರ್ಬಾರ್ದು ಅಂತ ಸುತ್ತ ನೆಲಕ್ಕೆ ಸ್ಕ್ರೂ ತರದ ಆಂಕರ್ ತಿರುಗಿಸಿ ಇಳಿಸಿ ಸ್ಟೀಲ್ ಪಟ್ಟಿಲಿ ಫ್ರೇಮಿಗೆ ಬಿಗೀತಾರೆ. 2024 ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಚಂಡಮಾರುತ ಬಂದಾಗ ಕೆಳಗಿಂದ ಪಟ್ಟಿ ಪಟಪಟ ಬಡ್ಕೊಳ್ಳೋದು ನಂಗೂ ನಮ್ಮನೆಯವ್ಳಿಗೂ ಬೆಳಗಿನ ತನಕ ಕೇಳಿಸ್ತಿತ್ತು, ಆ ಶಬ್ದ ಇವತ್ತಿಗೂ ಕಿವೀಲಿದೆ. ಆಮೇಲೆ ನೋಡಿದ್ರೆ ನಾಲ್ಕು ಪಟ್ಟಿ ಸಡಿಲ, ಒಂದು ಆಂಕರ್ ತಲೆ ವಾಲಿದೆ.

ಹೊಸ ಆಂಕರ್ ತಂದು ಹಾಕಿ, ಹೋಲ್ಡ್ ಆಗುತ್ತಾ ಅಂತ ಹೈಡ್ರಾಲಿಕ್ ಜಾಕಿಲಿ ಎಳೆದು ನೋಡಿದೆ. 1150ಕ್ಕೇ 2 ಇಂಚು ಮೇಲೆ ಬಂತು. ಎರಡನೇ ಸಲಾನೂ ಅಷ್ಟೇ. ವರ್ಕಿಂಗ್ ಲೋಡ್ 3150 ಪೌಂಡ್ ತಡೀಬೇಕು, ಅದರ ಮೇಲೆ 50% ಜಾಸ್ತಿ ಅಂದ್ರೆ 4725ರ ತನಕ ಫೇಲ್ ಆಗ್ಬಾರ್ದು ಅಂತ ಹಡ್ ಕೋಡಲ್ಲಿದೆ (ಇಂಥ ಮನೆಗಳಿಗೆ ಅಮೆರಿಕದ ವಸತಿ ಇಲಾಖೆ ಮಾಡಿರೋ ನಿಯಮ). ಮೂರನೇ ಒಂದು ಭಾಗಕ್ಕೇ ಕೈ ಕೊಟ್ರೆ ಹೆಂಗೆ? ಆಂಕರೇ ಡೂಪ್ಲಿಕೇಟಾ?

ಮಲ್ನಾಡ್_ವರ್ಕ್‌ಶಾಪ್:
ಮಾರಾಯ್ರೆ, ಆಂಕರ್ ಬಿಡಿ, ನೀರು ಎಷ್ಟು ಆಳದಲ್ಲಿದೆ ಹೇಳಿ. ಫ್ಲೋರಿಡಾ ಅಂದ್ರೆ ಮರಳು, ಮರಳು ನೀರಲ್ಲಿ ಮುಳುಗಿದ್ರೆ ಅದರ ಲೆಕ್ಕಕ್ಕೆ ಬರೋ ತೂಕ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ. ಆಂಕರ್ ಹಿಡಿಯೋದೇ ಅದರ ತುದೀಲಿರೋ ಸ್ಕ್ರೂ ರೆಕ್ಕೆ ಮೇಲೆ ಕೂತಿರೋ ಮಣ್ಣಿನ ಭಾರದಿಂದ. ಭಾರ ಅರ್ಧ ಆದ್ರೆ ಹಿಡಿತಾನೂ ಅರ್ಧ. ಮಳೆ ಬಂದು ಎಷ್ಟು ದಿನಕ್ಕೆ ಟೆಸ್ಟ್ ಮಾಡಿದ್ರಿ?

ಡ್ಯಾಲಸ್_ಕರಿಮಣ್ಣು:
ಎಷ್ಟು ಉದ್ದದ ಆಂಕರ್? ಟಾರ್ಕ್ ಪ್ರೋಬ್, ಅಂದ್ರೆ ನೆಲಕ್ಕೆ ತಿರುಗಿಸಿ ಮಣ್ಣು ಎಷ್ಟು ಗಟ್ಟಿ ಅಂತ ಅಳೆಯೋ ರಾಡ್, ಹಾಕಿದ್ರಾ, ರೀಡಿಂಗ್ ಎಷ್ಟು? ನೇರ ಮೇಲಕ್ಕೆ ಎಳೆದ್ರಾ ಅಥ್ವಾ ಪಟ್ಟಿ ಹೋಗೋ ಓರೆಗಾ? ಆಂಕರ್ ವಾಲದ ಹಾಗೆ ಪಕ್ಕದಲ್ಲಿ ನೆಲಕ್ಕೆ ಹೊಡೆಯೋ ಸ್ಟೆಬಿಲೈಸರ್ ಪ್ಲೇಟ್ ಇದ್ಯಾ? ಇದ್ಯಾವ್ದೂ ಹೇಳ್ದೆ ಡೂಪ್ಲಿಕೇಟಾ ಅಂದ್ರೆ ಯಾರು ಹೇಳಕ್ಕಾಗುತ್ತೆ.

ಲೇಕ್‌ಲ್ಯಾಂಡ್_ಕನ್ನಡಿಗ:
ಎಲ್ಲರೂ ಹಾಕೋದೇ, 4 ಅಡಿದು. ನೇರ ಮೇಲಕ್ಕೇ ಎಳೆದಿದ್ದು. ಪ್ರೋಬ್ 24 ತೋರಿಸ್ತು. ಮಳೆ ಬಂದು ಹತ್ತು ದಿನ ಆಗಿತ್ತು, ಮೇಲೆ ಒಣಗಿ ಧೂಳೇ ಇತ್ತು. ನೀರಿನ ವಿಷ್ಯ ಅಲ್ಲ ಅನ್ಸುತ್ತೆ.

ಮಲ್ನಾಡ್_ವರ್ಕ್‌ಶಾಪ್:
ಮೇಲೆ ಧೂಳಿದ್ರೆ ಕೆಳಗೂ ಒಣಗಿರುತ್ತೆ ಅಂತೇನಿಲ್ಲ. ರೆಕ್ಕೆ ಇರೋದು 4 ಅಡಿ ಕೆಳಗೆ. ಅಲ್ಲಿ ನೋಡಿ.

ಡ್ಯಾಲಸ್_ಕರಿಮಣ್ಣು:
24 ಏನು? ಇಂಚ್ ಪೌಂಡಾ, ಫುಟ್ ಪೌಂಡಾ? ಇಂಚ್ ಪೌಂಡ್ 24 ಅಂದ್ರೆ ಅದು ಮಣ್ಣೇ ಅಲ್ಲ, ಗಂಜಿ.

ಲೇಕ್‌ಲ್ಯಾಂಡ್_ಕನ್ನಡಿಗ:
ಫುಟ್ ಪೌಂಡು, ಕಾರ್ ವೀಲ್ ನಟ್ಟಿಗೆ ಹಾಕೋ ರೆಂಚೇ ಇರೋದು ನನ್ ಹತ್ರ.

ಡ್ಯಾಲಸ್_ಕರಿಮಣ್ಣು:
ಹಾಗಾದ್ರೆ 12ರಿಂದ ಗುಣಿಸಿ, 288 ಇಂಚ್ ಪೌಂಡ್. ಮಣ್ಣಿನ ಕ್ಲಾಸ್ ಟೇಬಲ್ ಪ್ರಕಾರ 276ರಿಂದ 350 ಅಂದ್ರೆ ಕ್ಲಾಸ್ 4ಎ, 175ರಿಂದ 275 ಅಂದ್ರೆ ಅದಕ್ಕಿಂತ ಸಡಿಲ, 4ಬಿ. 275 ಅಥ್ವಾ ಅದಕ್ಕಿಂತ ಕಮ್ಮಿ ಬಂದ್ರೆ 5 ಅಡಿ ಆಂಕರ್ ಹಾಕ್ಬೇಕು ಅಂತ ಫ್ಲೋರಿಡಾ ಪರ್ಮಿಟ್ ವರ್ಕ್‌ಶೀಟಲ್ಲೇ ಬರೆದಿರುತ್ತೆ. ನಿಮ್ದು ಗೆರೆ ಪಕ್ಕದಲ್ಲೇ ನಿಂತಿದೆ, ವೀಲ್ ನಟ್ ರೆಂಚು ಅಷ್ಟು ಕೆಳಗಿನ ರೇಂಜಲ್ಲಿ ಸರಿಯಾಗಿ ತೋರಿಸಲ್ಲ, ಒಂದು ಫುಟ್ ಪೌಂಡ್ ತಪ್ಪಾದ್ರೆ ಇಲ್ಲಿ 12 ಆಯ್ತು. 5 ಅಡಿದೇ ಹಾಕಿ, ಮುಗೀತು. ನಮ್ಮ ಕಡೆ ಕರಿಮಣ್ಣು, ಅದರ ಕಥೆನೇ ಬೇರೆ, ಬೇಸಿಗೆಲಿ ಬಿರುಕು ಬಿಟ್ಟು ಆಂಕರ್ ಸುತ್ತ ಬೆರಳು ಹೋಗೋಷ್ಟು ಸಂದಿ ಆಗುತ್ತೆ, ಮಳೆಗೆ ಮತ್ತೆ ಉಬ್ಬುತ್ತೆ, ವರ್ಷಕ್ಕೆ ಎರಡು ಸಲ ಪಟ್ಟಿ ಬಿಗಿ ಮಾಡೋದು ನನಗೆ ಅಭ್ಯಾಸ ಆಗೋಗಿದೆ.

ಕೋಲಾರ_ಪಾಲಿಹೌಸ್:
ಅಣ್ಣ, ನೀವು ಇಷ್ಟೆಲ್ಲ ಯಾಕ್ ಒದ್ದಾಡ್ತಿದ್ದೀರ, ಗುಂಡಿ ತೆಗೆದು ಕಾಂಕ್ರೀಟ್ ಹಾಕ್ಬಿಡಿ. ನಮ್ದು ಒಂದೆಕರೆ ಪಾಲಿಹೌಸು, ಕ್ಯಾಪ್ಸಿಕಂ ಹಾಕಿದ್ದೀವಿ, ಜಿಐ ಪೈಪು, ಒಂದೊಂದು ಕಾಲಿಗೂ ಎರಡೂವರೆ ಅಡಿ ಗುಂಡಿ, ಪೂರ್ತಿ ಕಾಂಕ್ರೀಟು. ಏಪ್ರಿಲ್ ಮೇನಲ್ಲಿ ಗಾಳಿ ಮಳೆ ಬಂದು ಪಕ್ಕದ ತೋಟದೋರ ಶೀಟೆಲ್ಲ ಹರ್ಕೊಂಡೋದ್ರೂ ನಮ್ಮ ಒಂದು ಕಾಲೂ ಅಲ್ಲಾಡಲಿಲ್ಲ. ಸುತ್ತ ಸಿಲ್ವರ್ ಓಕ್ ಬೇರೆ ಹಾಕಿದ್ದೀನಿ ಗಾಳಿ ತಡೆಗೆ.

ಡ್ಯಾಲಸ್_ಕರಿಮಣ್ಣು:
ಗುಂಡಿ ಕಾಂಕ್ರೀಟ್ ನಿಲ್ಲೋದು ಅದರ ತೂಕದಿಂದ. 3150 ಪೌಂಡಿಗೆ ಸುಮಾರು 1430 ಕೆಜಿ ಬೇಕು, ಮುಕ್ಕಾಲು ಕ್ಯೂಬಿಕ್ ಯಾರ್ಡಿಗಿಂತ ಜಾಸ್ತಿ ಕಾಂಕ್ರೀಟು, ಅದೂ ಒಂದು ಆಂಕರಿಗೆ. ಈ ಮನೆಗೆ ಎಷ್ಟು ಆಂಕರ್ ಇವೆ ಗೊತ್ತಾ?

ಕೋಲಾರ_ಪಾಲಿಹೌಸ್:
ಮಣ್ಣು ಸುತ್ತ ಹಿಡ್ಕೊಳಲ್ವಾ ಅಣ್ಣ? ಬರೀ ತೂಕ ಅಂದ್ರೆ ಹೆಂಗೆ? ನಮ್ಮ ಕೆಂಪುಮಣ್ಣಲ್ಲಿ ಗಡಾರಿ ಇಳಿಸಕ್ಕೇ ಇಬ್ಬರು ಬೇಕು. ಲೆಕ್ಕ ಕೆಜಿಲಿ ಹಾಕಿ, ಪೌಂಡು ಅಂದ್ರೆ ಇಲ್ಲಿ ಯಾರಿಗೂ ತಲೆಗೆ ಹೋಗಲ್ಲ.

ಡ್ಯಾಲಸ್_ಕರಿಮಣ್ಣು:
ಕೋಡ್ ಇರೋದು ಪೌಂಡಲ್ಲಿ, ಜಾಕಿ ಗೇಜ್ ಇರೋದು ಪೌಂಡಲ್ಲಿ, ನಾನು ಯಾಕೆ ಕೆಜಿಗೆ ತಿರುಗಿಸ್ಬೇಕು? ಮಣ್ಣು ಹಿಡಿಯುತ್ತೆ ಅನ್ನೋದು ನಿಮ್ಮ ಕೆಂಪುಮಣ್ಣಿಗೆ ಸರಿ, ಸಡಿಲ ಮರಳಿಗೆ ಅದನ್ನ ನಂಬಿ ಕೂತ್ರೆ ಮನೆ ಹೋಗುತ್ತೆ.

ಮಲ್ನಾಡ್_ವರ್ಕ್‌ಶಾಪ್:
ನೀವಿಬ್ರೂ ಕಾಂಕ್ರೀಟ್ ಜಗಳ ಬೇರೆ ಕಡೆ ಆಡಿ. ಅವರು ಇನ್ನೂ ನೀರಿನ ಆಳ ಹೇಳಿಲ್ಲ.

ಹುಬ್ಬಳ್ಳಿ_ಪುಲ್‌ಟೆಸ್ಟ್:
ನಮಸ್ಕಾರ್ರಿ. ನಾ ಪಾವಗಡ ಸೋಲಾರ್ ಪಾರ್ಕಿನ್ಯಾಗ ಪ್ಯಾನೆಲ್ ಕಂಬದ ಪುಲ್‌ಔಟ್ ಟೆಸ್ಟ್ ಮಾಡೀನಿ, ದಿನಕ್ಕ ಹತ್ತು ಹನ್ನೆರಡು ಎಳದದ್ದು ಐತಿ, ಅದಕ್ಕ ಕೇಳಾಕತ್ತೀನಿ. ಮಣ್ಣಿನ ಮಾತು ಆಮ್ಯಾಲೆ. ಡ್ಯಾಲಸ್ ಅವರು ಗೇಜ್ ಪೌಂಡಿನ್ಯಾಗ ಐತಿ ಅಂದ್ರು, ನನಗ ಅಲ್ಲೇ ಅನುಮಾನ. ಗೇಜ್ ಮುಖದ ಮ್ಯಾಲ ಏನಂತ ಬರದೈತಿ? ಜಾಕಿ ಎಷ್ಟು ಟನ್ನಿಂದು, ನಡುವ ತೂತು ಇರೋದು ಏನು? ಜಾಕಿ ಯಾವುದರ ಮ್ಯಾಲ ಕೂತಿತ್ತು, ಅದರ ಕಾಲು ಆಂಕರ್‌ನಿಂದ ಎಷ್ಟು ದೂರ? 2 ಇಂಚು ಅಂತ ಅಳದದ್ದು ಎಲ್ಲಿಂದ ಎಲ್ಲಿಗೆ? ಇಷ್ಟು ಹೇಳ್ರಿ.

ಲೇಕ್‌ಲ್ಯಾಂಡ್_ಕನ್ನಡಿಗ:
ಗೇಜಲ್ಲಿ ಪಿಎಸ್‌ಐ ಅಂತಿದೆ. ಪೌಂಡೇ ಅಲ್ವಾ ಅದು? 12 ಟನ್ ಹಾಲೋ ಜಾಕಿ, ಬಾಡಿಗೆಗೆ ತಂದಿದ್ದು. ಎರಡು ಮರದ ದಿಮ್ಮಿ ಇಟ್ಟು ಅದರ ಮೇಲೆ ಕಬ್ಬಿಣದ ಬೀಮ್, ಬೀಮ್ ಮೇಲೆ ಜಾಕಿ. ದಿಮ್ಮಿ ಆಂಕರ್‌ನಿಂದ ಒಂದೊಂದು ಅಡಿ ದೂರ. ಟೇಪಲ್ಲಿ ಬೀಮ್‌ನಿಂದ ಆಂಕರ್ ತಲೆಗೆ ಅಳೆದೆ.

ಹುಬ್ಬಳ್ಳಿ_ಪುಲ್‌ಟೆಸ್ಟ್:
ಪಿಎಸ್‌ಐ ಅಂದ್ರ ಒಂದು ಚದರ ಇಂಚಿಗೆ ಇಷ್ಟು ಪೌಂಡು ಅಂತ ಅರ್ಥರೀ. ಜಾಕಿ ಒಳಗಿನ ಪಿಸ್ಟನ್ ಎಷ್ಟು ಚದರ ಇಂಚು ಐತೋ ಅಷ್ಟರಿಂದ ಗುಣಿಸಿದಾಗ ಆಂಕರಿಗೆ ಬಿದ್ದ ಲೋಡ್ ಸಿಗ್ತದ. ಜಾಕಿ ಪ್ಲೇಟ್ ಮ್ಯಾಲ ಎಫೆಕ್ಟಿವ್ ಏರಿಯಾ ಅಂತ ಬರದಿರ್ತದ, ಓದಿ ಹೇಳ್ರಿ.

ಲೇಕ್‌ಲ್ಯಾಂಡ್_ಕನ್ನಡಿಗ:
2.76.
ಅಯ್ಯೋ. 1150 ಇಂಟು 2.76, 3174 ಪೌಂಡ್! ವರ್ಕಿಂಗ್ ಲೋಡ್ ಪಾಸಾಗಿದೆ! ಮೂರು ವಾರ ಇದನ್ನ ನೋಡ್ದೆ ಒದ್ದಾಡಿದ್ನಲ್ಲ. ತುಂಬಾ ಥ್ಯಾಂಕ್ಸ್ ಸರ್, ಇವತ್ತೇ ಪಟ್ಟಿ ಕಟ್ಟಿ ಮುಗಿಸ್ತೀನಿ.

ಹುಬ್ಬಳ್ಳಿ_ಪುಲ್‌ಟೆಸ್ಟ್:
ನಿಲ್ರಿ ನಿಲ್ರಿ, ಪಟ್ಟಿ ಕಟ್ಟಬ್ಯಾಡ್ರಿ. ಪಾಸ್ ಅಂತನೂ ಹೇಳಾಕ ಬರಂಗಿಲ್ಲ, ಫೇಲ್ ಅಂತನೂ ಹೇಳಾಕ ಬರಂಗಿಲ್ಲ. ಎಳೆಯುವಾಗ ಆಂಕರ್ ತನ್ನ ಸುತ್ತಿನ ಮಣ್ಣನ್ನ ಅಗಲ ಬಾಯಿನ ಕೊಳವಿ ಆಕಾರದಾಗ ಮ್ಯಾಲ ಎತ್ತತದ. ನಿಮ್ಮ ದಿಮ್ಮಿ ಒಂದಡಿ ದೂರ ಅಂದ್ರ ಸರಿಯಾಗಿ ಆ ಮಣ್ಣಿನ ಮ್ಯಾಲೇ ಕೂತಾವ. ಜಾಕಿ ಎಷ್ಟು ಎಳಿತದೋ ಅಷ್ಟೇ ಜೋರಿಂದ ದಿಮ್ಮಿ ಅದನ್ನ ಕೆಳಗ ಒತ್ತತಾವ. ಆಂಕರಿಗೆ ಇಲ್ಲದ ಬಲ ಐತಿ ಅಂತ ತೋರಿಸ್ತದ ಇದು. ಗಾಳಿ ಎತ್ತಿದಾಗ ದಿಮ್ಮಿ ಇರಂಗಿಲ್ಲಲ್ರಿ.

ಇನ್ನ 2 ಇಂಚಿನ ಮಾತು. ನೀವು ಅಳದದ್ದು ಬೀಮಿಂದ. ಮರಳಿನ್ಯಾಗ ದಿಮ್ಮಿ ಒಂದಿಂಚು ಕುಸಿದ್ರ, ಆಂಕರ್ ಅಲ್ಲಾಡದಿದ್ರೂ ಟೇಪಿನ್ಯಾಗ ಒಂದಿಂಚು ಮ್ಯಾಲ ಬಂದಂಗ ಕಾಣ್ತದ. ಅಲ್ಲಿಗೆ ಲೋಡಿನ ಸಂಖ್ಯೆನೂ ನಂಬಂಗಿಲ್ಲ, ಸರಿದ ಸಂಖ್ಯೆನೂ ನಂಬಂಗಿಲ್ಲ. ದಿಮ್ಮಿ ಕನಿಷ್ಠ ಆಂಕರ್ ಆಳದಷ್ಟು ದೂರ ಸರಿಸ್ರಿ, ಎರಡೂ ಕಡೆ. ಇನ್ನೂ ದೂರ ಎರಡು ಗೂಟ ಹೊಡದು ದಾರ ಕಟ್ರಿ, ಆ ದಾರದಿಂದ ಅಳೀರಿ. ಲೋಡ್ ಒಮ್ಮೆಲೇ ಏರಿಸಬ್ಯಾಡ್ರಿ, ಸ್ವಲ್ಪ ಏರಿಸಿ, ನಿಂತು, ಮುಳ್ಳು ಇಳಿತದೇನು ನೋಡಿ, ಮತ್ತ ಏರಿಸ್ರಿ. ಬೀಮಿನ ನೇರಕ್ಕ ಯಾರೂ ನಿಲ್ಲಬ್ಯಾಡ್ರಿ, ರಾಡ್ ಕಡಿದ್ರ ಗುಂಡಿನಂಗ ಹಾರತದ, ನಮ್ಮ ಸೈಟಿನ್ಯಾಗ ನಾ ಕಣ್ಣಾರೆ ನೋಡೀನಿ.

ಮತ್ತೊಂದು. ಎರಡನೇ ಸಲ ಎಳದದ್ದು ಅದೇ ತೂತಿನ್ಯಾಗೇನು?

ಲೇಕ್‌ಲ್ಯಾಂಡ್_ಕನ್ನಡಿಗ:
ಹೌದು ಸರ್. ಅಸಲಿಗೆ ಮೊದಲನೇ ಸಲಾನೂ. ಹಳೇ ಆಂಕರ್ ತೆಗೆದು ಅದೇ ಜಾಗಕ್ಕೆ ಹೊಸದು ಹಾಕಿದ್ದು. ಬೇಗ ಇಳೀಲಿ ಅಂತ ಆಗರ್‌ನಲ್ಲಿ ಸ್ವಲ್ಪ ಕೊರೆದೂ ಇದ್ದೆ. ಇದೆಲ್ಲ ಹೇಳೋ ವಿಷ್ಯ ಅಂತ ಅನ್ಸಿರ್ಲಿಲ್ಲ.

ಡ್ಯಾಲಸ್_ಕರಿಮಣ್ಣು:
ಇದನ್ನ ಮೊದಲನೇ ಪೋಸ್ಟಲ್ಲೇ ಹಾಕ್ಬೇಕಿತ್ತು! ಕೆದಕಿದ ಮರಳಿಗೆ ಏನು ಹಿಡಿತ ಇರುತ್ತೆ? ನಾನು ಮೊದಲೇ 5 ಅಡಿ ಅಂದಿದ್ದೆ.

ಮಲ್ನಾಡ್_ವರ್ಕ್‌ಶಾಪ್:
ನಾನು ಜಾಕಿ ಗೇಜ್ ಗಲಾಟೆ ಬೇಡ ಅಂತಲೇ 5 ಟನ್ ಕ್ರೇನ್ ತಕ್ಕಡಿ ಇಟ್ಕೊಂಡಿದೀನಿ, ನೇರ ಕೆಜಿಲೇ ತೋರಿಸುತ್ತೆ, ಚೈನ್ ಬ್ಲಾಕಿಗೆ ನೇತು ಹಾಕಿ ಅಡಿಕೆ ತೋಟದಲ್ಲಿ ರೋಪ್‌ವೇ ಗೂಟಗಳನ್ನೆಲ್ಲ ಎಳೆದು ನೋಡಿದೀನಿ. ಮೂರು ಕಾಲಿನ ಸ್ಟ್ಯಾಂಡ್ ನಾನೇ ವೆಲ್ಡ್ ಮಾಡಿದ್ದು, ಕಾಲಿನ ಮಧ್ಯೆ ಹತ್ತಡಿ ಅಗಲ.

ಕೋಲಾರ_ಪಾಲಿಹೌಸ್:
ಆ ತಕ್ಕಡಿ ಎಷ್ಟಾಯ್ತು ಅಣ್ಣ? ಟೊಮೇಟೊ ಕ್ರೇಟ್ ತೂಗಕ್ಕೆ ಆಗುತ್ತಾ?

ಮಲ್ನಾಡ್_ವರ್ಕ್‌ಶಾಪ್:
ಕ್ರೇಟಿಗೆ ಬೇಡ, ಅಷ್ಟು ಕಮ್ಮಿ ತೂಕ ಸರಿ ತೋರಿಸಲ್ಲ. ನಿಮಗೆ 300 ಕೆಜಿದು ಸಾಕು, ಬೇರೆ ಪೋಸ್ಟ್ ಹಾಕಿ, ಹೇಳ್ತೀನಿ.

ಲೇಕ್‌ಲ್ಯಾಂಡ್_ಕನ್ನಡಿಗ:
ಶನಿವಾರದ ರಿಪೋರ್ಟ್. ಇಂಚ್ ಪೌಂಡ್ ರೆಂಚ್ ಬಾಡಿಗೆಗೆ ತಂದೆ, ಗೋಡೆ ಪಕ್ಕ 265 ಬಂತು, ಹಾಗಾಗಿ 5 ಅಡಿದೇ ತಂದೆ. ಹಳೇ ತೂತಿನಿಂದ 4 ಅಡಿ ಪಕ್ಕಕ್ಕೆ, ಯಾರೂ ಮುಟ್ಟಿರದ ನೆಲದಲ್ಲಿ, ಕೊರೀದೆ ತಿರುಗಿಸಿ ಪೂರ್ತಿ ಆಳಕ್ಕೆ ಇಳಿಸಿದೆ. ಫ್ರೆಂಡ್ ಹತ್ರ 12 ಅಡಿ ಬೀಮ್ ಸಿಕ್ತು, ದಿಮ್ಮಿ ಎರಡೂ ಕಡೆ ಐದೂವರೆ ಅಡಿ ದೂರ, ದಾರ ಬೇರೆ ಕಟ್ಟಿದೆ. 3150 ಅಂದ್ರೆ ಗೇಜಲ್ಲಿ 1141, ಅಲ್ಲಿ ಮುಕ್ಕಾಲು ಇಂಚು. 4725 ಅಂದ್ರೆ 1712, ಅಲ್ಲಿ ಒಂದೂವರೆ ಇಂಚು, ಹತ್ತು ನಿಮಿಷ ಮುಳ್ಳು ನಿಂತಲ್ಲೇ ನಿಂತಿತ್ತು. ದಿಮ್ಮಿ ಮಾತ್ರ ಒಂದು ಕಡೆ ಒಂದಿಂಚಿಗಿಂತ ಜಾಸ್ತಿ ಕುಸಿದಿತ್ತು, ಸರ್ ಹೇಳಿದ್ದು ಅಕ್ಷರಶಃ ನಿಜ.

ಆದ್ರೆ ಇನ್ನೊಂದು ತಲೆನೋವು. ಮನೆ ಎರಡು ಭಾಗ ಸೇರೋ ನಡು ಸಾಲಿಗೆ ತೆವ್ಕೊಂಡು ಹೋಗಿ ಪ್ರೋಬ್ ಹಾಕಿದೆ, ಮೂರು ಜಾಗದಲ್ಲಿ 250 ಆಸುಪಾಸು, ಒಂದು ಕಡೆ ಬರೀ 160. ಅಲ್ಲಿ ಬೀಮ್ ಇಡೋಕೆ ಜಾಗನೂ ಇಲ್ಲ, ಮನೆ ಅಡಿಯಲ್ಲಿ ಮಲ್ಕೊಂಡು ಜಾಕಿ ಎಳೆಯೋ ಧೈರ್ಯನೂ ಇಲ್ಲ.

ಡ್ಯಾಲಸ್_ಕರಿಮಣ್ಣು:
ಎಳೀಲೇಬೇಡಿ. 175ಕ್ಕಿಂತ ಕೆಳಗೆ ಬಂದ್ರೆ ಅದನ್ನ ಎಂಜಿನಿಯರ್ ನೋಡ್ಬೇಕು. ಮನೆ ತಯಾರಕರು ನಡು ಸಾಲಿಗೆ 4000 ಪೌಂಡ್ ಹಿಡಿತ ಕೇಳಿರೋದೂ ಉಂಟು, ನಿಮ್ಮ ಮ್ಯಾನ್ಯುಯಲ್ ತೆಗೆದು ನೋಡಿ. ಕೌಂಟಿಗೆ ಲೆಕ್ಕಕ್ಕೆ ಬರೋದು ಲೈಸೆನ್ಸ್ ಇರೋ ಇನ್‌ಸ್ಟಾಲರ್ ಸಹಿ, ನೀವು ಎಳೆದ ಟೆಸ್ಟ್ ನಿಮ್ಮ ಸಮಾಧಾನಕ್ಕೆ ಅಷ್ಟೇ.

ಮಲ್ನಾಡ್_ವರ್ಕ್‌ಶಾಪ್:
ಆ 160 ಬಂದ ಜಾಗದಲ್ಲಿ ಪ್ರೋಬ್ ಹೊರಗೆ ತೆಗೆದಾಗ ತುದಿ ಒದ್ದೆ ಇತ್ತಾ?

ಲೇಕ್‌ಲ್ಯಾಂಡ್_ಕನ್ನಡಿಗ:
ಇತ್ತು ಸರ್. ಮರಳು ಮೆತ್ಕೊಂಡು ಬಂತು, ಉಳಿದ ಮೂರು ಕಡೆ ಒಣಗಿತ್ತು. ಇವತ್ತು ಬೆಳಿಗ್ಗೆ ಟಾರ್ಚ್ ಹಿಡ್ಕೊಂಡು ಮತ್ತೆ ಹೋಗಿ ಮೇಲೆ ನೋಡಿದೆ, ನಮ್ಮ ಅಡುಗೆಮನೆ ಸಿಂಕಿನ ಡ್ರೈನ್ ಪೈಪ್ ಜಾಯಿಂಟ್ ಸರಿಯಾಗಿ ಆ ಜಾಗದ ಮೇಲೇ ಇದೆ, ತೊಟ್ಟಿಕ್ತಾ ಇದೆ. ಯಾವಾಗಿಂದಲೋ ಗೊತ್ತಿಲ್ಲ. ಮೊದಲು ಪೈಪ್ ರಿಪೇರಿ. ಇನ್‌ಸ್ಟಾಲರ್ ಗುರುವಾರ ಬರ್ತಾರೆ, ಅವರು ಎಂಜಿನಿಯರ್ ಬೇಕು ಅಂದ್ರೆ ಕರೆಸ್ತೀನಿ.

ಮಲ್ನಾಡ್_ವರ್ಕ್‌ಶಾಪ್:
ಪೈಪ್ ಸರಿ ಮಾಡಿದ ತಕ್ಷಣ ಅಳೀಬೇಡಿ. ಮನೆ ಅಡಿಲಿ ಬಿಸಿಲು ಬೀಳಲ್ಲ, ಒಣಗೋಕೆ ವಾರಗಟ್ಟಲೆ ಬೇಕು. ಪ್ರೋಬ್ ಒಣಗಿ ಬರೋ ತನಕ ಕಾಯಿರಿ, ಆಮೇಲೆ ಬಂದ ರೀಡಿಂಗ್ ಇಲ್ಲಿ ಹಾಕಿ.