ಪ್ರೈಮರಿ ಬಿದ್ದಾಗ ಏನು ಮಾಡುತ್ತೀರಿ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮ ಬಿಲ್ಲಿಂಗ್ ಡೇಟಾ ಎರಡು ಪೋಸ್ಟ್‌ಗ್ರೆಸ್ (ಡೇಟಾಬೇಸ್ ಸಾಫ್ಟ್‌ವೇರ್) ಸರ್ವರ್‌ಗಳಲ್ಲಿದೆ. ಒಂದು ಪ್ರೈಮರಿ, ಬರೆಯುವುದೆಲ್ಲ ಅದರಲ್ಲೇ; ಇನ್ನೊಂದು ಅದರ ನಕಲು ಇಟ್ಟುಕೊಳ್ಳುವ ಸ್ಟ್ಯಾಂಡ್‌ಬೈ. ಪ್ರೈಮರಿ ಬಿದ್ದರೆ ಸ್ಟ್ಯಾಂಡ್‌ಬೈ ತಾನಾಗೇ ಕೆಲಸ ಶುರು ಮಾಡಬೇಕು ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ. ಏನೇನು ನೋಡಿಕೊಳ್ಳಬೇಕು?

ಉತ್ತರ: ಎರಡೇ ಸರ್ವರ್ ಇದ್ದರೆ ಆಟೋಮ್ಯಾಟಿಕ್ ಬೇಡ ಸರ್. ಪ್ರೈಮರಿಯೇ ಸತ್ತಿದೆಯೋ, ನಡುವಿನ ನೆಟ್‌ವರ್ಕ್ ಮಾತ್ರ ಹೋಗಿದೆಯೋ, ಸ್ಟ್ಯಾಂಡ್‌ಬೈಗೆ ಗೊತ್ತಾಗುವುದಿಲ್ಲ. ಅದು ಪ್ರಮೋಟ್ ಆಗಿ, ಅಂದರೆ ತಾನೇ ಪ್ರೈಮರಿಯಾಗಿ, ಹಳೆಯದೂ ಬದುಕಿದ್ದರೆ ಎರಡೂ ಕಡೆ ಬಿಲ್ ಬರೆಯುತ್ತಾ ಹೋಗುತ್ತವೆ. ಆಟೋಮ್ಯಾಟಿಕ್ ಬೇಕೇ ಬೇಕು ಅಂದರೆ ಫೇಲ್‌ಓವರ್ (ಸ್ಟ್ಯಾಂಡ್‌ಬೈಗೆ ಕೆಲಸ ವರ್ಗಾಯಿಸುವುದು) ನೋಡಿಕೊಳ್ಳುವ ಪ್ಯಾಟ್ರೋನಿ ಹಾಕಿ, ಬಹುಮತದ ಮೇಲೆ ಮಾಹಿತಿ ಇಡುವ ಇಟಿಸಿಡಿ ಮೂರು ಮಷೀನ್‌ಗಳಲ್ಲಿ ಓಡಲಿ. ಅಲ್ಲಿರುವ ಲೀಡರ್ ಲಾಕ್ (ಯಾರು ಪ್ರೈಮರಿ ಅನ್ನುವ ಗುರುತು) ನವೀಕರಿಸಲು ಆಗದಿದ್ದರೆ ಹಳೆಯ ಪ್ರೈಮರಿ ತಾನೇ ಕೆಳಗಿಳಿಯುತ್ತದೆ.

ಇನ್ನೊಬ್ಬರು: ಬಹುಮತ ಇದ್ದರೂ ಕಥೆ ಮುಗಿಯುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ಗಿಟ್‌ಹಬ್‌ನ ಅಮೆರಿಕ ಪೂರ್ವ ಕರಾವಳಿಯ ಲಿಂಕ್ ಹೋಗಿದ್ದು ಬರೀ 43 ಸೆಕೆಂಡ್. ಅಷ್ಟರಲ್ಲೇ ಅವರ ಫೇಲ್‌ಓವರ್ ಸಾಫ್ಟ್‌ವೇರ್ ಆರ್ಕೆಸ್ಟ್ರೇಟರ್ ಬಹುಮತ ನೋಡಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಪ್ರೈಮರಿಗಳನ್ನು ಪಶ್ಚಿಮ ಕರಾವಳಿಗೆ ಒಯ್ದಿತು. ಪೂರ್ವದಲ್ಲಿ ಕೊನೆಗೆ ಬರೆದಿದ್ದ ಸ್ವಲ್ಪ ಡೇಟಾ ಅಲ್ಲಿಗೆ ತಲುಪಿರಲೇ ಇಲ್ಲ. ಹಾಗಾಗಿ ಸುಮ್ನೆ ವಾಪಸ್ ತಿರುಗಿಸಲೂ ಆಗಲಿಲ್ಲ. ಸರಿಹೋಗಲು 24 ಗಂಟೆಗಿಂತ ಜಾಸ್ತಿ ಹಿಡಿಯಿತು. ಅದಕ್ಕೇ ನಾನು ಊರು ದಾಟುವ ಫೇಲ್‌ಓವರನ್ನು ಮನುಷ್ಯರ ಕೈಯಲ್ಲೇ ಇಡುತ್ತೇನೆ.

ಮತ್ತೊಬ್ಬರು: ಪ್ರಮೋಟ್ ಮಾಡುವುದು ಒಂದೇ ಕಮಾಂಡ್. ತಲೆನೋವು ಹಳೆಯ ಪ್ರೈಮರಿ ವಾಪಸ್ ಬಂದಾಗ. ಹಳೆಯದನ್ನು ಹೊಸ ಪ್ರೈಮರಿಗೆ ಹೊಂದಿಸುವ ಪಿಜಿ ರಿವೈಂಡ್ ಇದ್ದರೆ ಬೇಗ ಸೇರಿಸಿಕೊಳ್ಳಬಹುದು. ಆದರೆ ಅದಕ್ಕೆ ಡೇಟಾ ಚೆಕ್‌ಸಮ್ ಅಥವಾ ವಾಲ್ ಲಾಗ್ ಹಿಂಟ್ಸ್ ಅನ್ನುವ ಸೆಟ್ಟಿಂಗ್ ಮೊದಲೇ ಆನ್ ಆಗಿರಬೇಕು. ಬಿದ್ದ ಮೇಲೆ ನೆನಪಾದರೆ ಪ್ರಯೋಜನವಿಲ್ಲ, ಹೊಸ ಪ್ರೈಮರಿಯಿಂದ ಪೂರ್ತಿ ಬೇಸ್ ಬ್ಯಾಕಪ್ (ಇಡೀ ಡೇಟಾದ ನಕಲು) ತೆಗೆದುಕೊಳ್ಳಬೇಕು. ಡೇಟಾ ದೊಡ್ಡದಿದ್ದರೆ ಗಂಟೆಗಟ್ಟಲೆ ಒಂಟಿ ಸರ್ವರ್ ಮೇಲೆ ನಿಂತಿರುತ್ತೀರಿ. ಪ್ಯಾಟ್ರೋನಿ ಹಾಕುವವರೆಗೆ ಮಷೀನ್ ಆನ್ ಆದ ಕೂಡಲೇ ಪೋಸ್ಟ್‌ಗ್ರೆಸ್ ತಾನಾಗೇ ಏಳದ ಹಾಗೂ ಮಾಡಿ.

ಅವರೇ: ರೆಪ್ಲಿಕೇಶನ್ ಸ್ಲಾಟ್ (ಸ್ಟ್ಯಾಂಡ್‌ಬೈ ಪಡೆಯುವವರೆಗೆ ಬದಲಾವಣೆಗಳನ್ನು ಉಳಿಸಿಡುವ ವ್ಯವಸ್ಥೆ) ಬಳಸುತ್ತೀರಾ? ಸ್ಟ್ಯಾಂಡ್‌ಬೈ ನಿಂತರೆ ಪ್ರೈಮರಿಯಲ್ಲಿ ವಾಲ್ ಫೈಲ್ (ಬದಲಾವಣೆಗಳ ದಾಖಲೆ) ಗುಡ್ಡೆ ಬಿದ್ದು ಡಿಸ್ಕ್ ತುಂಬುತ್ತದೆ. ಪೋಸ್ಟ್‌ಗ್ರೆಸ್ 13ನೇ ಆವೃತ್ತಿಯಿಂದ ಅದಕ್ಕೆ ಮಿತಿ ಹಾಕಬಹುದು.

ಇನ್ನೊಬ್ಬರು: ಸ್ಟ್ಯಾಂಡ್‌ಬೈ ಇದೆ ಅಂತ ಬ್ಯಾಕಪ್ ಬಿಡಬೇಡಿ. ಟೇಬಲ್ ಅಳಿಸಿದರೆ ಅಲ್ಲೂ ಅಳಿಯುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಪ್ರೈಮರಿಯ ಡೇಟಾ ಅಳಿಸಿಹೋದಾಗ, ಬ್ಯಾಕಪ್ ತೆಗೆಯುವ ಪಿಜಿ ಡಂಪ್‌ನ ಆವೃತ್ತಿ ಡೇಟಾಬೇಸ್‌ಗೆ ಹೊಂದದೆ ಬ್ಯಾಕಪ್ ಆಗುತ್ತಲೇ ಇರಲಿಲ್ಲ ಅಂತ ಆಗ ಗೊತ್ತಾಯಿತು. ಸುಮಾರು ಆರು ಗಂಟೆ ಹಳೆಯ ಸ್ನ್ಯಾಪ್‌ಶಾಟ್ ಕಾಪಾಡಿತು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಒಂದು ಬಿಲ್ಲೂ ಕಳೆಯಬಾರದು ಅಂದರೆ ಸಿಂಕ್ರೋನಸ್ (ಸ್ಟ್ಯಾಂಡ್‌ಬೈಗೂ ತಲುಪಿದ ಮೇಲೇ ಬರೆದದ್ದು ಖಚಿತ ಅನ್ನುವ ರೀತಿ) ಮಾಡಲೇಬೇಕು ಅಲ್ವಾ? ಇಟಿಸಿಡಿಗೆ ಮೂರನೇ ಮಷೀನ್ ಸಣ್ಣ ವಿಎಂ (ವರ್ಚುವಲ್ ಮಷೀನ್) ಆದರೆ ಸಾಕಾ?

ಮೊದಲು ಉತ್ತರಿಸಿದವರು: ಹೌದು, ಆದರೆ ಸ್ಟ್ಯಾಂಡ್‌ಬೈ ಒಂದೇ ಇದ್ದರೆ, ಅದು ನಿಂತಾಗ ಪ್ರೈಮರಿಯ ಕಮಿಟ್‌ಗಳೂ (ಬರೆದದ್ದನ್ನು ಖಚಿತಪಡಿಸುವ ಹೆಜ್ಜೆ) ಕಾಯುತ್ತಾ ಕೂರುತ್ತವೆ. ಎರಡು ಸ್ಟ್ಯಾಂಡ್‌ಬೈಗೆ ದುಡ್ಡು ಕೊಡುತ್ತಾರಾ ಅಂತ ಮ್ಯಾನೇಜರನ್ನು ಕೇಳಿ. ವಿಎಂ ಸಣ್ಣದಾದರೂ ನಡೆಯುತ್ತದೆ, ಡಿಸ್ಕ್ ಮಾತ್ರ ನಿಧಾನ ಇರಬಾರದು. ಪ್ರೈಮರಿ ಇರುವ ಹೋಸ್ಟ್ ಮೇಲೇ ಅದನ್ನು ಕೂರಿಸಬೇಡಿ.