ಅಟ್ಟದ ಮೇಲಿನ ಹೆಂಗಸು ಯಾವ ದೇಶದವಳು?

ಮಲ್ಲಿಗೆ_ಓದು: ಷಾರ್ಲೆಟ್ ಬ್ರಾಂಟೆಯವರ ‘ಜೇನ್ ಐರ್’ (1847), ಜೀನ್ ರೀಸ್ ಅವರ ‘ವೈಡ್ ಸರ್ಗಾಸೊ ಸೀ’ (1966) ಎರಡನ್ನೂ ಒಟ್ಟಿಗೆ ಓದಿದೆ. ಮೊದಲನೆಯದರಲ್ಲಿ ನಾಯಕಿ ಜೇನ್ ಥಾರ್ನ್‌ಫೀಲ್ಡ್ ಎಂಬ ಮನೆಗೆ ಪಾಠ ಹೇಳಲು ಬರುತ್ತಾಳೆ, ಮನೆಯೊಡೆಯ ರಾಚೆಸ್ಟರ್ ಅವಳನ್ನು ಮದುವೆಯಾಗಲು ಹೊರಡುತ್ತಾನೆ. ಆದರೆ ಅವನು ತನ್ನ ಜಮೈಕಾದ ಹೆಂಡತಿ ಬರ್ಥಾಳನ್ನು ಹುಚ್ಚಿ ಎಂದು ಅಟ್ಟದಲ್ಲಿ ಕೂಡಿಹಾಕಿರುತ್ತಾನೆ. ರೀಸ್ ಬರೆದದ್ದು ಈ ಬರ್ಥಾಳ ಕಥೆ. ಅಲ್ಲಿ ಅವಳ ಹೆಸರು ಆಂಟನೆಟ್. ಈಗ ಬ್ರಾಂಟೆಯವರ ಇಂಗ್ಲೆಂಡ್ ಮೇಲೆ ನನಗೆ ನಂಬಿಕೆ ಹೋಗಿದೆ.

ಹಳೇಪುಸ್ತಕ: ಇದು ಅನ್ಯಾಯ. 119 ವರ್ಷ ಆದಮೇಲೆ ಬಂದ ಪುಸ್ತಕ ಹಿಡಿದು ಬ್ರಾಂಟೆಯವರನ್ನು ಅಳೆಯುವುದಾ? ಜೇನ್‌ಗೆ ಅಪ್ಪ ಅಮ್ಮ ಇಲ್ಲ, ದುಡ್ಡಿಲ್ಲ. ಥಾರ್ನ್‌ಫೀಲ್ಡ್ ಬಿಟ್ಟಮೇಲೆ ಹಸಿದು ಬಯಲಲ್ಲಿ ಮಲಗುತ್ತಾಳೆ. ಇಂಗ್ಲೆಂಡ್ ಅವಳದೂ ಆಗಿರಲಿಲ್ಲ, ಅಲ್ವಾ?

ಮಲ್ಲಿಗೆ_ಓದು: ಕೊನೆಗೆ ಆಗುತ್ತದಲ್ಲ! ಮಡೈರಾ ದ್ವೀಪದಲ್ಲಿದ್ದ ಚಿಕ್ಕಪ್ಪ 20,000 ಪೌಂಡ್ ಬಿಟ್ಟು ಸಾಯುತ್ತಾನೆ. ರಾಚೆಸ್ಟರ್‌ಗೂ ಬರ್ಥಾಳ ಜೊತೆ 30,000 ಪೌಂಡ್ ಬಂದಿತ್ತು. ರೀಸ್ ಬೇಡ, ಬ್ರಾಂಟೆಯವರ 27ನೇ ಅಧ್ಯಾಯವನ್ನೇ ತೆಗೆಯಿರಿ. ಜಮೈಕಾದ ಸೆಕೆಯಲ್ಲಿ ಉಸಿರುಗಟ್ಟಿ ಅವನು ಸಾಯಲು ಹೊರಡುತ್ತಾನೆ. ಆಗ ಯೂರೋಪಿನ ಕಡೆಯಿಂದ ಗಾಳಿ ಬೀಸುತ್ತದೆ, ಬದುಕುವ ಆಸೆ ಮರಳುತ್ತದೆ. ಹುಚ್ಚೆಲ್ಲ ಆ ನೆಲದ್ದು, ವಿವೇಕವೆಲ್ಲ ಈ ನೆಲದ್ದು!

ಹಳೇಪುಸ್ತಕ: ಆ ಮಾತು ರಾಚೆಸ್ಟರ್‌ನದು. ಮದುವೆ ಮುಚ್ಚಿಟ್ಟು ಸಿಕ್ಕಿಬಿದ್ದವನು ಇನ್ನೇನು ಹೇಳುತ್ತಾನೆ? ಅದನ್ನು ಕೇಳಿದ ಜೇನ್ ಬೆಳಗಾಗುವ ಮೊದಲೇ ಮನೆ ಬಿಡುತ್ತಾಳೆ.

ಕರಾವಳಿ_ಹುಡುಗಿ: ರೀಸ್ ಪುಸ್ತಕವನ್ನು ಸುಮ್ನೆ ಬ್ರಾಂಟೆಗೆ ಕೊಟ್ಟ ಉತ್ತರ ಎಂದು ಓದಬೇಡಿ. ಆಂಟನೆಟ್ ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನದ ಬಿಳಿ ಹುಡುಗಿ. ಗುಲಾಮಗಿರಿ ಹೋದಮೇಲೆ, ಸಿಟ್ಟಿಗೆದ್ದ ಜನ ಅವರ ಎಸ್ಟೇಟ್ ಮನೆಗೆ ಬೆಂಕಿ ಹಚ್ಚುತ್ತಾರೆ. ಆಗ ಅವಳು ತನ್ನ ಕಪ್ಪು ಗೆಳತಿ ಟಿಯಾ ಕಡೆ ಓಡುತ್ತಾಳೆ, ಇನ್ನು ಇವಳ ಜೊತೆಗೇ ಇರುತ್ತೇನೆ ಎಂದು. ಟಿಯಾ ಕಲ್ಲೆಸೆಯುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಲ್ಲುತ್ತಾರೆ. ಇವಳ ಮುಖದಲ್ಲಿ ರಕ್ತ, ಅವಳ ಮುಖದಲ್ಲಿ ಕಣ್ಣೀರು. ನನಗೆ ಇಡೀ ಕಾದಂಬರಿಯ ಜೀವ ಇಲ್ಲೇ ಇದೆ. ಹುಟ್ಟಿದ ನೆಲವೇ ಅವಳನ್ನು ತನ್ನವಳು ಅನ್ನಲಿಲ್ಲ. ಮುಂದೆ ಇಂಗ್ಲೆಂಡೂ ಅನ್ನುವುದಿಲ್ಲ.

ಕನ್ನಡಕ: ರೀಸ್ ಹುಟ್ಟಿದ್ದು ಕೆರಿಬಿಯನ್ ದ್ವೀಪ ಡೊಮಿನಿಕಾದಲ್ಲಿ. ಅವರನ್ನು ಬ್ರಿಟಿಷ್ ಲೇಖಕಿ ಅನ್ನಬಹುದಾ?

ಕರಾವಳಿ_ಹುಡುಗಿ: ಖಂಡಿತ. ಅಪ್ಪ ವೇಲ್ಸ್‌ನ ವೈದ್ಯರು. ರೀಸ್ 16ನೇ ವಯಸ್ಸಿಗೆ ಇಂಗ್ಲೆಂಡಿಗೆ ಬಂದವರು. ಈ ಕಾದಂಬರಿ ಬರೆದು ಮುಗಿಸಿದ್ದು ಡೆವನ್‌ನ ಹಳ್ಳಿಯಲ್ಲಿ. ಅಟ್ಟದಲ್ಲಿರುವ ಆಂಟನೆಟ್ ಇದು ಇಂಗ್ಲೆಂಡೇ ಅಲ್ಲ, ಬರುವಾಗ ದಾರಿ ತಪ್ಪಿತು ಎಂದು ನಂಬಿರುತ್ತಾಳೆ. ಆ ದೇಶದಲ್ಲಿ ವರ್ಷಗಟ್ಟಲೆ ಪರಕೀಯರಾಗಿ ಬದುಕಿದವರಿಗೇ ಇಂಥದ್ದು ಹೊಳೆಯುವುದು.

ಹಳೇಪುಸ್ತಕ: ಒಪ್ಪಿದೆ. ಆದರೆ ಬರ್ಥಾಳ ಆ ನಗು, ಕಿರುಚಾಟವನ್ನು ಕಾದಂಬರಿಯಲ್ಲಿ ಉಳಿಸಿದ್ದು ಬ್ರಾಂಟೆಯೇ. ಅದಿಲ್ಲದೆ ರೀಸ್ ಎಲ್ಲಿಂದ ಶುರು ಮಾಡುತ್ತಿದ್ದರು?

ಮಲ್ಲಿಗೆ_ಓದು: ಕಿರುಚಾಟ ಕೊಟ್ಟರು, ಹೌದು. 38 ಅಧ್ಯಾಯಗಳಲ್ಲಿ ಅವಳ ಬಾಯಿಗೆ ಒಂದು ನೇರ ಮಾತು ಕೊಡಲಿಲ್ಲ.