ಸಹಾಯ ಬೇಕು: ಜೇನ್ನೊಣಗಳಿಗಾಗಿ ಬೆಳೆಸಿದ ತುಳಸಿ ಒಣಗುತ್ತಿದೆ

ಬಳಗದ ಹಿರಿಯರಿಗೆಲ್ಲ ನಮಸ್ಕಾರ. ನಮ್ಮ ಮನೆ ಇರುವುದು ಚಳ್ಳಕೆರೆ ಸೀಮೆಯ ಹಳ್ಳಿಯೊಂದರಲ್ಲಿ; ಮಳೆ ಕಡಿಮೆ, ಕೊಳವೆಬಾವಿಯ ನೀರು ಸವಳು. ಹೆಚ್ಚು ನೀರು ಕೇಳದ, ಹಲವು ವರ್ಷ ಬಾಳುವ, ಜೇನ್ನೊಣಗಳಿಗೂ ಮೇವಾಗುವ ಗಿಡ ಬೇಕೆಂದು ಎರಡು ವರ್ಷಗಳ ಹಿಂದೆ ಹಿತ್ತಲಿನ ಕೆಂಪು ಮಣ್ಣಿನಲ್ಲಿ 12 ತುಳಸಿ ಸಸಿಗಳನ್ನು ನೆಟ್ಟಿದ್ದೆ.

ಬೆಳಗಾಗುತ್ತಲೇ ಕೋಲುಜೇನು, ತುಡುವೆಜೇನುಗಳು ತುಳಸಿಯ ಹೂಗದಿರುಗಳಿಗೆ ಮುತ್ತಿಕೊಳ್ಳುವುದನ್ನು ಕಂಡು, ಆ ಕದಿರುಗಳನ್ನು ಚಿವುಟಲು ಮನಸ್ಸಾಗದೆ ಬೀಜ ಕಟ್ಟುವವರೆಗೂ ಹಾಗೆಯೇ ಬಿಟ್ಟೆ. ಬಹುಶಃ ನಾನು ತಪ್ಪಿದ್ದು ಅಲ್ಲಿಯೇ. ಕಾಂಡಗಳು ಕಟ್ಟಿಗೆಯಂತೆ ಬಲಿತು, ಎಲೆ ಉದುರಿ, ಈ ಬೇಸಿಗೆಯಲ್ಲಿ 5 ಗಿಡಗಳು ಸಂಪೂರ್ಣ ಒಣಗಿವೆ. ಬೀಜವಾಗುವ ಮೊದಲೇ ಕದಿರು ತೆಗೆದರೆ ಗಿಡ ಹೊಸ ಕವಲೊಡೆಯುತ್ತದೆ ಎಂಬುದು ನನಗೆ ಗೊತ್ತಿದೆ. ಆದರೆ ಹೊಂಗೆ, ಬೇವಿನ ಹೂವು ಮುಗಿದ ಮೇಲೆ ನಮ್ಮ ಸುತ್ತಲಿನ ನೊಣಗಳಿಗೆ ಆಸರೆ ಬಹಳ ಕಡಿಮೆ. ಎಲ್ಲ ಕದಿರುಗಳನ್ನೂ ಒಮ್ಮೆಗೇ ತೆಗೆಯುವುದು ನನಗೆ ಸರಿಯೆನಿಸುವುದಿಲ್ಲ.

ಅರ್ಧ ಗಿಡಗಳನ್ನು ಈಗ, ಉಳಿದರ್ಧವನ್ನು ಮೂರು ವಾರಗಳ ನಂತರ ಸವರಿದರೆ ಹೂವು ಸದಾ ಇರುವಂತೆ ನೋಡಿಕೊಳ್ಳಬಹುದೇ? ಬಲಿತ ಕಾಂಡವನ್ನು ಎಷ್ಟು ಕೆಳಗಿನವರೆಗೆ ಕತ್ತರಿಸಿದರೂ ಚಿಗುರು ಬರುತ್ತದೆ? ಎಲೆಯ ಅಂಚು ಕರಕಲಾಗುತ್ತಿರುವುದು ಸವಳು ನೀರಿನಿಂದಲೇ ಎಂಬ ಅನುಮಾನವಿದೆ; ಬುಡಕ್ಕೆ ಶೇಂಗಾ ಸಿಪ್ಪೆ ಹರಡಿ, ವಾರಕ್ಕೊಮ್ಮೆ ಮಾತ್ರ ನೀರುಣಿಸಿದರೆ ಸಾಕಾದೀತೇ? ನೊಣಗಳು ಬರುವ ಗಿಡವಾದ್ದರಿಂದ ಕೀಟನಾಶಕದ ಸಲಹೆ ದಯವಿಟ್ಟು ಬೇಡ. ಬಯಲುಸೀಮೆಯಲ್ಲಿ ತುಳಸಿಯನ್ನು ಮೂರು ನಾಲ್ಕು ವರ್ಷ ಉಳಿಸಿಕೊಂಡವರು ತಮ್ಮ ಅನುಭವವನ್ನು ತಿಳಿಸಿದರೆ, ಉಳಿದಿರುವ 7 ಗಿಡಗಳನ್ನಾದರೂ ಮಳೆಗಾಲದವರೆಗೆ ಕಾಪಾಡಿಕೊಳ್ಳುತ್ತೇನೆ.